ನೀರಲ್ಲಿ ಮುಳುಗಿದ 1964ರ ಗಿಬ್ಸನ್ ಗಿಟಾರ್ ಮತ್ತು ಕಲಮಜೂ ಊರಿನ ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಹಾಳಾದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಇದ್ದು, ನೀವು ಮಿಷಿಗನ್ ಕಡೆ ಇದ್ದರೆ, ಈ ಅಂಗಡಿಗೆ ಧೈರ್ಯವಾಗಿ ಕೊಡಿ. ಐದಕ್ಕೆ ನಾಲ್ಕೂವರೆ ನಕ್ಷತ್ರ. ಆ ಅರ್ಧ ಯಾಕೆ ಹೋಯಿತು ಅಂತ ಮುಂದೆ ಬರೆದಿದ್ದೇನೆ.

ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಒಬ್ಬರೇ ನಡೆಸುವ ಚಿಕ್ಕ ಜಾಗ ಅದು. ಸದ್ಯಕ್ಕೆ ಕೈತುಂಬ ಕೆಲಸ ಇದೆ, ಹೊಸಬರನ್ನು ಜಾಸ್ತಿ ಕಳಿಸಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ನಿಜವಾಗಿ ಬೇಕಾದವರು ನನಗೆ ಮೆಸೇಜ್ ಮಾಡಿ. ಹೆಸರು ಇಲ್ಲದೆ ಎಂಥ ವಿಮರ್ಶೆ ಅಂದುಕೊಳ್ಳಬೇಡಿ. ಕೆಲಸ ಹೇಗೆ ಮಾಡಿದರು ಅಂತ ತಿಳಿದುಕೊಂಡರೆ ನಿಮ್ಮೂರಿನ ರಿಪೇರಿಯವರನ್ನು ಏನು ಕೇಳಬೇಕು ಅಂತಲೂ ಗೊತ್ತಾಗುತ್ತದೆ.

ಗಿಟಾರು ಗಿಬ್ಸನ್ ಮೆಲೊಡಿ ಮೇಕರ್, ಎರಡು ಪಿಕಪ್ (ತಂತಿಯ ಅದುರುವಿಕೆಯನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವ ‘ಡಿ’ ಮಾದರಿ, ಎರಡೂ ಕಡೆ ಕಟ್‌ಅವೇ (ಕೈ ಹೋಗಲು ಬಾಡಿಯನ್ನು ಕತ್ತರಿಸಿದ ಜಾಗ) ಇರುವಂಥದ್ದು. ಗಿಬ್ಸನ್ 1959ರಲ್ಲಿ ಕಲಿಯುವವರಿಗಾಗಿ ಕಡಿಮೆ ಬೆಲೆಗೆ ತಂದ ಗಿಟಾರ್ ಇದು. ತೆಳ್ಳಗಿನ ಮಹಾಗನಿ ಹಲಗೆಯ ಬಾಡಿ, ಕಿರಿದಾದ ಹೆಡ್‌ಸ್ಟಾಕ್ (ತಂತಿ ಬಿಗಿಯುವ ತುದಿ), ಅಂಚಿಗೆ ಬೈಂಡಿಂಗ್ ಪಟ್ಟಿ ಇಲ್ಲ, ಅಲಂಕಾರ ಇಲ್ಲ. ಹಗುರ ಅಂದರೆ ಹಗುರ. ಆಂಪ್‌ಗೆ ಹಾಕದೆ ನುಡಿಸಿದರೂ ಎದೆಗೆ ತಾಗುವ ಹಾಗೆ ಅದುರುತ್ತದೆ. ಗಿಬ್ಸನ್‌ನದ್ದೇ ದುಬಾರಿ ಲೆಸ್ ಪಾಲ್ ಮಾದರಿಯ ಬೆಲೆಯ ಹತ್ತಿರಕ್ಕೂ ಇದು ಬರುವುದಿಲ್ಲ, ಹಾಗಾಗಿ ಇಂಥದ್ದು ಒಡೆದರೆ ಜನ ಎಸೆದುಬಿಡುತ್ತಾರೆ. ನನಗೆ ಅದೇ ಬೇಜಾರು.

ಇದು ನಮ್ಮ ಪಕ್ಕದ ಮನೆಯ ಹಿರಿಯರದ್ದು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 2021ರ ಜೂನ್ 25-26ರ ರಾತ್ರಿ ಡೆಟ್ರಾಯಿಟ್ ಸುತ್ತ ಸುರಿದ ಮಳೆ ಇಲ್ಲಿರುವ ಕನ್ನಡಿಗರಿಗೆ ನೆನಪಿರಬಹುದು. ಹೆದ್ದಾರಿಯಲ್ಲಿ ಕಾರುಗಳು ಮುಳುಗಿ ನಿಂತವು, ಸಾವಿರಾರು ಮನೆಗಳ ಬೇಸ್‌ಮೆಂಟಿಗೆ ಚರಂಡಿ ನೀರು ನುಗ್ಗಿತು. ಮಾರನೇ ವಾರ ಒಂದೊಂದು ಮನೆಯ ಮುಂದೆಯೂ ಒದ್ದೆ ಕಾರ್ಪೆಟ್, ಸೋಫಾ, ಪುಸ್ತಕದ ರಾಶಿ. ಅವರ ಮನೆಯ ರಾಶಿಯ ಮೇಲೆ ಈ ಗಿಟಾರಿನ ಪೆಟ್ಟಿಗೆ ಇತ್ತು. ಕೇಳಿದೆ, ತಗೊಂಡು ಹೋಗು ಅಂದರು. ದುಡ್ಡು ಕೊಡಲು ಹೋದರೆ ಬಿಲ್‌ಕುಲ್ ತಗೊಳ್ಳಲಿಲ್ಲ.

ಪೆಟ್ಟಿಗೆ ತೆಗೆದರೆ ನೀರು ಸುರಿಯಿತು. ಒಳಗಿನ ಬಟ್ಟೆಗೆ ಆಗಲೇ ಬೂಷ್ಟು. ಮೆರುಗಿನ ಮೇಲೆ ಬಿಳಿ ಮಂಜು ಕವಿದಂತೆ ಆಗಿತ್ತು. ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಭಾಗ) ಹಿಡಿದು ಅಲ್ಲಾಡಿಸಿದರೆ ಬಾಡಿ ಸೇರುವ ಕಡೆ ಅಲ್ಲಾಡುತ್ತಿತ್ತು. ಇದು ಸಾಲದು ಅಂತ ಹೆಡ್‌ಸ್ಟಾಕ್ ಯಾವುದೋ ಕಾಲದಲ್ಲಿ ಮುರಿದು, ಅದನ್ನು ಎಪಾಕ್ಸಿ ಹಾಕಿ ಎರಡು ಮರದ ಸ್ಕ್ರೂ ಜಡಿದು ನಿಲ್ಲಿಸಿದ್ದರು. ಆ ಹಳೇ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು.

ಆ ದಿನವೇ ಅಂಗಡಿಗೆ ಫೋನ್ ಮಾಡಿದೆ. ಆವತ್ತು ಫೋನಲ್ಲಿ ಸಿಕ್ಕ ಸಲಹೆಗೆ ಅವರು ಒಂದು ಡಾಲರೂ ಕೇಳಲಿಲ್ಲ, ಆದರೆ ಗಿಟಾರ್ ಉಳಿದದ್ದರಲ್ಲಿ ಅರ್ಧ ಪಾಲು ಅದರದ್ದೇ ಅಂತ ನನ್ನ ನಂಬಿಕೆ. ತಂತಿ ಪೂರ್ತಿ ಸಡಿಲ ಮಾಡಿ. ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ, ಪೆಟ್ಟಿಗೆ ಎಸೆಯಿರಿ. ಕೈಗೆ ಗ್ಲೌಸ್ ಹಾಕಿಕೊಂಡು, ಕೊಚ್ಚೆಯನ್ನು ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಾಡಿ ಮೇಲಿನ ಪ್ಲಾಸ್ಟಿಕ್ ಹಾಳೆ ಪಿಕ್‌ಗಾರ್ಡ್ ಬಿಚ್ಚಿ ಒಳಗಿನ ಗುಂಡಿಯ ನೀರು ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಬೇಡ, ಹೀಟರ್ ಹತ್ತಿರ ಬೇಡ. ಹಿಂದೆ ಮುಂದೆ ಎರಡೂ ಕಡೆ ಗಾಳಿ ಆಡುವ ಹಾಗೆ ನೆರಳಲ್ಲಿ ಇಟ್ಟು, ಫ್ಯಾನ್ ದೂರದಲ್ಲಿ ಹಾಕಿ. ಎಲ್ಲಕ್ಕಿಂತ ಮುಖ್ಯ, ಯಾವ ಅಂಟನ್ನೂ ಹಾಕಬೇಡಿ, ಸಿಬಿರು ಬಿದ್ದರೆ ಒಂದು ಕವರಿಗೆ ಹಾಕಿಡಿ.

ಬಿಸಿಲು ಯಾಕೆ ಬೇಡ ಅಂದರೆ, ಮರದ ಹೊರಗಿನ ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಊದಿಕೊಂಡೇ ಇರುತ್ತದೆ. ಆಗ ಮರ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ. ಇದು ಬರೀ ಬಾಯಿಮಾತಲ್ಲ. 2010ರ ಮೇ ತಿಂಗಳ ಮೊದಲ ಎರಡು ದಿನ ನ್ಯಾಶ್‌ವಿಲ್‌ನಲ್ಲಿ ಭಾರಿ ಮಳೆ ಬಂದು ಕಂಬರ್‌ಲೆಂಡ್ ನದಿ ಉಕ್ಕಿದಾಗ, ದೊಡ್ಡ ದೊಡ್ಡ ಕಂಟ್ರಿ ಸಂಗೀತಗಾರರು ತಮ್ಮ ವಾದ್ಯಗಳನ್ನು ಇಡುತ್ತಿದ್ದ ಸೌಂಡ್‌ಚೆಕ್ ಎಂಬ ಗೋದಾಮು ಮುಳುಗಿತ್ತು. ಬೆಲೆ ಕಟ್ಟಲಾಗದ ಹಳೆಯ ಗಿಟಾರುಗಳು ದಿನಗಟ್ಟಲೆ ನೀರಲ್ಲಿದ್ದವು. ಅವುಗಳಲ್ಲಿ ಎಷ್ಟೋ ಗಿಟಾರುಗಳನ್ನು ಊರಿನ ರಿಪೇರಿಗಾರರು ಆತುರ ಮಾಡದೆ ಒಣಗಿಸಿ ಮತ್ತೆ ನುಡಿಯುವ ಹಾಗೆ ಮಾಡಿದರು. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಇಂಥ ಪೆಟ್ಟು ತಡೆದುಕೊಳ್ಳುತ್ತದೆ. ತೆಳು ಹಲಗೆಯ ಅಕೌಸ್ಟಿಕ್‌ಗಳ ಪಾಡು ಹಾಗಲ್ಲ.

ಕಲಮಜೂ ನಮ್ಮಲ್ಲಿಂದ ಐ-94ರಲ್ಲಿ ಎರಡು ಗಂಟೆಯ ದಾರಿ. ಗಿಬ್ಸನ್ ಗಿಟಾರುಗಳ ತವರೂರು ಇದೇ. ಪಾರ್ಸನ್ಸ್ ಸ್ಟ್ರೀಟ್‌ನಲ್ಲಿ 1917ರಿಂದ ಕಾರ್ಖಾನೆ ಇತ್ತು, 1984ರಲ್ಲಿ ಮುಚ್ಚಿತು, ಕಂಪನಿ ಪೂರ್ತಿ ನ್ಯಾಶ್‌ವಿಲ್‌ಗೆ ಹೋಯಿತು. ಊರು ಬಿಟ್ಟು ಹೋಗಲು ಒಪ್ಪದ ಕೆಲವು ಹಳೆಯ ಕೆಲಸಗಾರರು 1985ರಲ್ಲಿ ಅದೇ ಕಟ್ಟಡದಲ್ಲಿ ಹೆರಿಟೇಜ್ ಅಂತ ಹೊಸ ಗಿಟಾರ್ ಕಂಪನಿ ಕಟ್ಟಿದರು. ಅಂಥ ಊರಲ್ಲಿ ಈ ಕೆಲಸ ಬಲ್ಲವರು ಇರುವುದು ಸಹಜ ಅಲ್ವಾ? ನನ್ನ ಗಿಟಾರ್ ಕೂಡ ಆ ಕಾರ್ಖಾನೆಯಲ್ಲೇ ಹುಟ್ಟಿದ್ದು.

ಹುಟ್ಟಿದ ವರ್ಷ ಹೇಗೆ ಗೊತ್ತಾಯಿತು ಅಂತಲೂ ಹೇಳುತ್ತೇನೆ. ಅರವತ್ತರ ದಶಕದ ಗಿಬ್ಸನ್ ಸೀರಿಯಲ್ ನಂಬರುಗಳನ್ನು ನಂಬುವ ಹಾಗಿಲ್ಲ, ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಬಳಸಿದ್ದಾರೆ. ಅಂಗಡಿಯವರು ವಾಲ್ಯೂಮ್ ಪಾಟ್‌ನ (ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗಣೆ) ಬೆನ್ನು ಒರೆಸಿ ತೋರಿಸಿದರು. ಅಲ್ಲಿ 137ರಿಂದ ಶುರುವಾಗುವ ಸಂಖ್ಯೆ ಇತ್ತು. 137 ಅಂದರೆ ಸಿಟಿಎಸ್ ಕಂಪನಿ, ಆಮೇಲಿನ ಎರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ವಾರ. ನಮ್ಮದರಲ್ಲಿ 64. ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ನೆಕ್‌ನ ಅಗಲ ಸುಮಾರು 43 ಮಿಲಿಮೀಟರ್ ಇತ್ತು. 1965ರಿಂದ ಗಿಬ್ಸನ್ ಅದನ್ನು ಸುಮಾರು 40ಕ್ಕೆ ಇಳಿಸಿತು, ಹಾಗಾಗಿ ಎರಡೂ ಲೆಕ್ಕ ಒಂದಕ್ಕೊಂದು ಕೂಡಿಬಂತು. ಪಾಟ್‌ನ ತಾರೀಕು ಬರೀ ಪಾಟ್‌ನದ್ದು, ಗಿಟಾರಿನದ್ದಲ್ಲ, ಅದಕ್ಕೇ ಎಲ್ಲವನ್ನೂ ಸೇರಿಸಿ ನೋಡಬೇಕು ಅಂದರು. ಹಳೆಯ ಗಿಟಾರ್ ಕೊಳ್ಳುವವರು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಕೋಣೆ ಕತ್ತಲೆ ಮಾಡಿ ಅಲ್ಟ್ರಾವಯಲೆಟ್ ದೀಪ ಹಿಡಿದರು. ಮೆರುಗಿಗೆ ಹಚ್ಚುತ್ತಿದ್ದ ಹಳೆಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆ ಬೆಳಕಿನಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಆಮೇಲೆ ಹೊಡೆದ ಬಣ್ಣ ಹಾಗೆ ಹೊಳೆಯುವುದಿಲ್ಲ. ಬಾಡಿ ಪೂರ್ತಿ ಹೊಳೆಯಿತು. ಹೆಡ್‌ಸ್ಟಾಕ್ ಹಿಂದೆ ಮಾತ್ರ ಒಂದು ಕಪ್ಪು ಪಟ್ಟೆ. ಮುರಿದದ್ದನ್ನು ಮುಚ್ಚಲು ಯಾರೋ ಸ್ಪ್ರೇ ಮಾಡಿದ್ದ ಜಾಗ ಅದು. ಬರಿಗಣ್ಣಿಗೆ ಏನೂ ಕಾಣದ ಸುಳ್ಳು ಒಂದು ದೀಪಕ್ಕೆ ಸಿಕ್ಕಿಬಿತ್ತು!

ಈ ಅಂಗಡಿಯನ್ನು ನಾನು ಇಷ್ಟು ಹೊಗಳಲು ಮುಖ್ಯ ಕಾರಣ ಅವರು ಮಾಡಲ್ಲ ಅಂದ ಕೆಲಸಗಳು. ಪೂರ್ತಿ ಹೊಸ ಬಣ್ಣ ಹೊಡೆದುಬಿಡೋಣವೇ ಅಂತ ಕೇಳಿದೆ. ಆಗಲ್ಲ ಅಂದರು. ಬಿಳಿ ಮಂಜು ಕವಿದದ್ದು ಲ್ಯಾಕರ್‌ನೊಳಗೆ ತೇವ ಸೇರಿದ್ದರಿಂದ, ಅದನ್ನು ಬಿಡಿಸಬಹುದು, ಅದಕ್ಕಾಗಿ ಅರವತ್ತರ ದಶಕದ ಮೆರುಗನ್ನೇ ಕೆರೆದು ಹಾಕುವುದು ಯಾಕೆ ಅಂತ ಅವರ ವಾದ. ನೈಟ್ರೋ ಲ್ಯಾಕರ್‌ಗೆ ಒಂದು ಒಳ್ಳೆಯ ಗುಣ ಇದೆ. ಎಷ್ಟು ಹಳೆಯದಾದರೂ ಅದರ ದ್ರಾವಕ ತಾಗಿದರೆ ಮತ್ತೆ ಕರಗಿ, ಹೊಸ ಪದರದ ಜೊತೆ ಒಂದಾಗಿ ಸೇರಿಕೊಳ್ಳುತ್ತದೆ. ಈಗಿನ ಪಾಲಿಯುರೆಥೇನ್, ಪಾಲಿಯೆಸ್ಟರ್ ಮೆರುಗಿಗೆ ಆ ಗುಣ ಇಲ್ಲ. ಹಾಗಾಗಿ ಮಂಜು ಕವಿದ ಕಡೆ ದ್ರಾವಕವನ್ನು ತೆಳ್ಳಗೆ ಸ್ಪ್ರೇ ಮಾಡಿ ತೇವ ಹೊರಗೆ ಹೋಗಲು ಬಿಟ್ಟರು. ಮೆರುಗು ಎದ್ದುಹೋಗಿದ್ದ ಕಡೆ ಮಾತ್ರ ಲ್ಯಾಕರ್‌ನ ಹನಿ ಹಾಕಿ ತುಂಬಿದರು. ಕೊಳೆ ತೆಗೆಯಲು ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕ ಬಳಸಿದರು. ಸ್ಪಿರಿಟ್ ಅಥವಾ ಸ್ಯಾನಿಟೈಜರ್ ಮಾತ್ರ ಹಳೆಯ ಗಿಟಾರಿಗೆ ತಾಗಿಸಬೇಡಿ, ಮೆರುಗು ಹಾಳಾಗುತ್ತದೆ.

ಬಣ್ಣ ಬದಲಿಸಿದ ಹಳೆಯ ಗಿಟಾರಿನ ಬೆಲೆ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಹೆಡ್‌ಸ್ಟಾಕ್ ಮುರಿದದ್ದಕ್ಕೂ ಹೆಚ್ಚುಕಡಿಮೆ ಅಷ್ಟೇ. ಬೆಲೆಯ ವಿಷಯ ಬಿಡಿ. ಒಂದು ಸಲ ಕೆರೆದು ಹಾಕಿದ ಹಳೆಯ ಮೆರುಗು, ಅದರ ಮೇಲಿನ ಸಣ್ಣ ಸಣ್ಣ ಬಿರುಕು ಗೆರೆಗಳು, ಆ ಹಿರಿಯರ ಮುಂಗೈ ತಾಗಿ ತಾಗಿ ಸವೆದ ಜಾಗ, ಇವೆಲ್ಲ ಯಾವ ದುಡ್ಡಿಗೂ ವಾಪಸ್ ಬರುವುದಿಲ್ಲ.

ಇನ್ನು ಹೆಡ್‌ಸ್ಟಾಕ್. ಗಿಬ್ಸನ್ ಇಟ್ಟುಕೊಂಡ ಎಲ್ಲರಿಗೂ ಇದೇ ಭಯ. ಕಾರಣ ಮೂರು, ಮೂರೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಆ ಕಾಲದ ಗಿಬ್ಸನ್‌ಗಳಲ್ಲಿ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಇಡೀ ನೆಕ್ ಒಂದೇ ಮಹಾಗನಿ ತುಂಡಿನಿಂದ ಕೊರೆದದ್ದಾದ್ದರಿಂದ, ಬಾಗುವ ಕಡೆ ಮರದ ಎಳೆಗಳು ಉದ್ದಕ್ಕೆ ಹೋಗದೆ ಅಲ್ಲೇ ಮುಗಿದುಹೋಗುತ್ತವೆ. ಅದೂ ಸಾಲದೆಂಬಂತೆ ಟ್ರಸ್ ರಾಡ್‌ನ (ನೆಕ್ ಬಾಗದಂತೆ ಒಳಗೆ ಹಾಕಿದ ಲೋಹದ ಸರಳು) ನಟ್ ತಿರುಗಿಸಲು ಸರಿಯಾಗಿ ಅಲ್ಲೇ ಗುಂಡಿ ತೋಡಿರುತ್ತಾರೆ. ಗಿಟಾರ್ ಬೆನ್ನ ಮೇಲೆ ಬಿದ್ದರೆ ಶ್ರುತಿ ಮಾಡುವ ಟ್ಯೂನರ್‌ಗಳ ಭಾರಕ್ಕೆ ಹೆಡ್‌ಸ್ಟಾಕ್ ಚಾಟಿಯ ಹಾಗೆ ಬೀಸಿ ಅಲ್ಲಿಗೇ ಮುರಿಯುತ್ತದೆ. ಪೆಟ್ಟಿಗೆಯೊಳಗೆ ಇದ್ದರೂ ಅಷ್ಟೇ. 1970ರ ಹೊತ್ತಿಗೆ ಗಿಬ್ಸನ್ ಅಲ್ಲಿ ಒಂದು ಉಬ್ಬು ಬಿಟ್ಟು, ಮೂರು ತುಂಡು ಅಂಟಿಸಿದ ನೆಕ್ ಮಾಡಿ ನೋಡಿತು. ನುಡಿಸುವವರಿಗೆ ಅದು ಹಿಡಿಸಲಿಲ್ಲ, ಎಂಬತ್ತರ ದಶಕದ ಶುರುವಿನಲ್ಲಿ ಆ ಉಬ್ಬು ಹೋಯಿತು. ಇನ್ನೊಂದು ಗಿಟಾರ್ ಕಂಪನಿ ಫೆಂಡರ್‌ನದ್ದು ಗಟ್ಟಿ ಮೇಪಲ್ ಮರ, ಬಾಗದ ನೇರ ಹೆಡ್‌ಸ್ಟಾಕ್. ಅಲ್ಲಿ ಈ ಸಮಸ್ಯೆ ಅಪರೂಪ.

ಹೊಸದಾಗಿ ಮುರಿದಿದ್ದರೆ ಸುಲಭ. ಎರಡೂ ತುಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಒಳ್ಳೆಯ ಮರದ ಅಂಟು ಹಾಕಿ ಕ್ಲಾಂಪ್ ಬಿಗಿದರೆ ಸುತ್ತಲಿನ ಮರದಷ್ಟೇ ಗಟ್ಟಿಯಾಗಿ ಕೂರುತ್ತದೆ. ನಮ್ಮದರಲ್ಲಿ ಹಳೇ ಎಪಾಕ್ಸಿ ತುಂಬಿತ್ತು. ಎಪಾಕ್ಸಿ ಮೆತ್ತಿದ ಮೇಲ್ಮೈಗೆ ಮರದ ಅಂಟು ಹಿಡಿಯುವುದಿಲ್ಲ. ಸ್ಕ್ರೂಗಳು ತುಕ್ಕು ಹಿಡಿದು ಮರದ ಎಳೆಗಳನ್ನು ಸೀಳಿದ್ದವು. ಬಿಸಿ ಮಾಡಿ ಎಪಾಕ್ಸಿ ಮೆತ್ತಗೆ ಮಾಡಿ ಕೆರೆದರು, ಸ್ಕ್ರೂ ಕೊರೆದು ತೆಗೆದರು, ತೂತುಗಳಿಗೆ ಮಹಾಗನಿ ಬೆಣೆ ಹಾಕಿದರು. ಟೈಟ್‌ಬಾಂಡ್ ಒರಿಜಿನಲ್ ಅಂಟು ಹಾಕಿ ಬಿರುಕು ಮುಚ್ಚಿದರು. ಅದನ್ನು ಮಾತ್ರ ನಂಬುವ ಹಾಗಿರಲಿಲ್ಲ. ಹಾಗಾಗಿ ಟ್ರಸ್ ರಾಡ್‌ನ ಎಡಕ್ಕೊಂದು ಬಲಕ್ಕೊಂದು ಉದ್ದ ಕಾಲುವೆ ತೋಡಿ, ಎಳೆ ನೇರವಾಗಿ ಇರುವ ಮಹಾಗನಿ ಪಟ್ಟಿಗಳನ್ನು ಬಿಗಿಯಾಗಿ ಕೂರಿಸಿದರು. ಈಗ ಭಾರ ಹೊರುವುದು ಆ ಪಟ್ಟಿಗಳು. ಟ್ರಸ್ ರಾಡ್‌ನ ನಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದಕ್ಕೆ ಎಣ್ಣೆ ಬಿಡುವುದನ್ನು ಅಂಟಿನ ಕೆಲಸ ಮುಗಿಯುವವರೆಗೂ ತಡೆದರು, ಯಾಕೆಂದರೆ ಎಣ್ಣೆ ಮರಕ್ಕೆ ಇಳಿದರೆ ಅಂಟು ಹಿಡಿಯುವುದಿಲ್ಲ. ಕೆಲಸದ ಕ್ರಮದ ಬಗ್ಗೆ ಇಷ್ಟು ಯೋಚನೆ ಮಾಡುವವರನ್ನು ನೋಡಿದರೆ ಖುಷಿ ಆಗುತ್ತದೆ.

ಇಲ್ಲಿ ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ: ಬಿಲ್‌ನಲ್ಲಿ ಹೆಡ್‌ಸ್ಟಾಕ್ ಜೋಡಿಸಿದ್ದಕ್ಕಿಂತ ಹಳೇ ರಿಪೇರಿ ಬಿಚ್ಚಿದ್ದಕ್ಕೇ ಜಾಸ್ತಿ ದುಡ್ಡು. ಗಿಟಾರ್ ಮುರಿದರೆ ದಯವಿಟ್ಟು ಫೆವಿಕ್ವಿಕ್, ಎಂ-ಸೀಲ್, ಎಪಾಕ್ಸಿ ಯಾವುದನ್ನೂ ಹಾಕಬೇಡಿ. ಸುಮ್ನೆ ತಂತಿ ಸಡಿಲ ಮಾಡಿ, ಹಾಗೇ ತಗೊಂಡು ಹೋಗಿ.

ನೆಕ್ ಬಾಡಿಗೆ ಸೇರುವ ಕಡೆಯ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾರ್ಖಾನೆಯವರು ಹಾಕಿದ್ದು ಹೈಡ್ ಗ್ಲೂ, ಪ್ರಾಣಿಗಳ ಚರ್ಮದಿಂದ ಮಾಡುವ ಹಳೆಯ ಕಾಲದ ಅಂಟು. ನೀರಿಗೆ ಅದು ಬಿಟ್ಟುಕೊಂಡಿತ್ತು. ಮೊದಲು ಕೇಳಿದಾಗ ಇದೇ ದೊಡ್ಡ ತೊಂದರೆ ಅನ್ನಿಸಿತು, ಆದರೆ ಅವರಿಗೆ ಇದು ಸಂತೋಷದ ಸುದ್ದಿ. ಬಿಸಿನೀರಿನಲ್ಲಿ ಹಳೆಯ ಅಂಟು ಪೂರ್ತಿ ತೊಳೆದುಹೋಗುತ್ತದೆ, ಮರಕ್ಕೆ ಗಾಯ ಆಗುವುದಿಲ್ಲ, ಮತ್ತೆ ಅದೇ ಅಂಟು ಬಿಸಿ ಮಾಡಿ ಹಾಕಬಹುದು. ಹಾಗೇ ಮಾಡಿದರು. ಐವತ್ತು ವರ್ಷ ಬಿಟ್ಟು ಇನ್ನೊಬ್ಬರು ಬಿಚ್ಚಬೇಕಾಗಿ ಬಂದರೂ ಸುಲಭವಾಗಿ ಬಿಚ್ಚುತ್ತದೆ.

ಪಿಕಪ್‌ಗಳಲ್ಲಿ ಒಂದು ಬದುಕಿತ್ತು. ಮಲ್ಟಿಮೀಟರ್ ಹಿಡಿದರೆ ಸುಮಾರು 7 ಕಿಲೋ ಓಮ್ ತೋರಿಸಿತು. ಇನ್ನೊಂದರಲ್ಲಿ ಏನೂ ಬರಲಿಲ್ಲ, ಅಂದರೆ ಒಳಗೆ ತಂತಿ ಕಡಿದಿದೆ. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ ಸಾವಿರಾರು ಸುತ್ತು ಇರುತ್ತದೆ, ಎಲ್ಲಾದರೂ ಒಂದು ಕಡೆ ಹಸಿರು ತುಕ್ಕು ಹಿಡಿದರೆ ಸಾಕು. ಹೊಸ ಪಿಕಪ್ ಹಾಕುವುದು ಅಗ್ಗ. ಅವರು ಹಳೆಯ ಬಾಬಿನ್, ಹಳೆಯ ಆಲ್ನಿಕೊ ಮ್ಯಾಗ್ನೆಟ್, ಹಳೆಯ ಪ್ಲಾಸ್ಟಿಕ್ ಮುಚ್ಚಳ ಎಲ್ಲವನ್ನೂ ಇಟ್ಟುಕೊಂಡು ಬರೀ ತಂತಿ ಹೊಸದಾಗಿ ಸುತ್ತಿದರು. ಕೇಳಿದರೆ ಎರಡಕ್ಕೂ ಸ್ವಲ್ಪ ವ್ಯತ್ಯಾಸ ಇದೆ, ಸುತ್ತಿದ್ದು ಒಂದು ಚೂರು ಹೊಳಪಾಗಿ ಕೇಳುತ್ತದೆ. ನನಗೆ ಅದು ಇಷ್ಟವೇ. ಟ್ಯೂನರ್‌ಗಳು ಕ್ಲೂಸನ್ ಕಂಪನಿಯವು, ಪ್ಲಾಸ್ಟಿಕ್ ಗುಬುಟುಗಳು ಮುಟ್ಟಿದರೆ ಪುಡಿ ಆಗುತ್ತಿದ್ದವು. ಆ ಕಾಲದ ಕ್ಲೂಸನ್‌ಗಳಲ್ಲಿ ಇದು ಮಾಮೂಲು. ಗುಬುಟು ಮಾತ್ರ ಬದಲಿಸಿ, ಲೋಹದ ಭಾಗ ತೊಳೆದು ಎಣ್ಣೆ ಹಾಕಿ ವಾಪಸ್ ಕೂರಿಸಿದರು. ನೆಕ್ ಮೇಲಿನ ಫ್ರೆಟ್‌ಗಳನ್ನು (ಲೋಹದ ಅಡ್ಡಪಟ್ಟಿಗಳು) ಸಮ ಮಾಡಿದರು. ಹಳೆಯ ಪಾಟ್‌ಗಳಿಗೆ ಕ್ಲೀನರ್ ಹಾಕಿ ತಿರುಗಿಸಿದ ಮೇಲೆ ಕರಕರ ಸದ್ದು ನಿಂತಿತು.

ಫ್ರೆಟ್‌ಬೋರ್ಡ್ ಬಗ್ಗೆ ಒಂದು ಮಾತು. ಆ ವರ್ಷಗಳ ಗಿಬ್ಸನ್‌ಗಳ ಹಾಗೆ ಇದರದ್ದೂ ಬ್ರೆಜಿಲ್‌ನ ರೋಸ್‌ವುಡ್. ಅದು 1992ರಿಂದ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಮಾರಾಟಕ್ಕಾಗಿ ದೇಶ ದಾಟಿಸುವ ಹಾಗಿಲ್ಲ. ಇಂಥ ಗಿಟಾರನ್ನು ಬೆಂಗಳೂರಿಗೆ ಪಾರ್ಸೆಲ್ ಮಾಡಿ ರಿಪೇರಿ ಮಾಡಿಸೋಣ, ಅಗ್ಗ ಆಗುತ್ತೆ ಅಂತ ಯೋಚಿಸುವವರು ಮೊದಲು ಕಾಗದಪತ್ರ ವಿಚಾರಿಸಿ. ಬ್ರೆಜಿಲ್ ಮರ ಸಿಗುವುದು ಕಷ್ಟ ಆದ ಮೇಲೆ ಗಿಟಾರ್ ಕಂಪನಿಗಳು ಹಿಡಿದದ್ದು ನಮ್ಮ ಕೊಡಗು, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಬೀಟೆ ಮರವನ್ನು. ಅಂಗಡಿಯಲ್ಲಿ ಒಂದು ಮೂಲೆಯಲ್ಲಿ ಬೀಟೆಯ ಹಲಗೆಗಳು ಒಣಗಲು ಇದ್ದವು. ಮುಟ್ಟಿ ನೋಡಿದಾಗ ನಿಜಕ್ಕೂ ಹೆಮ್ಮೆ ಆಯಿತು. 2017ರಲ್ಲಿ ಅದನ್ನೂ ಎರಡನೇ ಪಟ್ಟಿಗೆ ಸೇರಿಸಿದ್ದರು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಈಗ ತಕರಾರು. ಹೇಳಿದ ಸಮಯಕ್ಕೆ ಕೊಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅಂದದ್ದು ಹಿಮ ಬೀಳುವ ಕಾಲಕ್ಕೆ ಹೋಯಿತು. ಮರ ಒಣಗದೆ ಅಂಟು ಹಾಕುವ ಹಾಗಿಲ್ಲ ಅನ್ನುವುದು ಸರಿ, ನಾನೂ ಒಪ್ಪುತ್ತೇನೆ. ಆದರೆ ನಡುವೆ ಒಂದು ಫೋನ್ ಮಾಡಬಹುದಿತ್ತು. ವಾರಗಟ್ಟಲೆ ಮೆಸೇಜಿಗೂ ಉತ್ತರ ಇಲ್ಲ. ನೆಕ್ ಬಿಚ್ಚಿದ ಹಂತದ ಫೋಟೋ ತೆಗೆದಿಡಿ ಅಂತ ಕೇಳಿದ್ದೆ, ತೆಗೆದಿರಲಿಲ್ಲ. ಮುಂದೆ ಯಾರಾದರೂ ಈ ಗಿಟಾರ್ ಕೊಂಡರೆ ಅವರಿಗೆ ಆ ಫೋಟೋಗಳು ಬೇಕಾಗುತ್ತವೆ, ಒಳಗೆ ಏನೇನು ಆಗಿದೆ ಅಂತ ತೋರಿಸಲು. ಆ ಅರ್ಧ ನಕ್ಷತ್ರ ಇಲ್ಲೇ ಹೋಯಿತು.

ಒಟ್ಟು ಬಿಲ್ ಸಾವಿರದ ನೂರು ಡಾಲರ್ ಚಿಲ್ಲರೆ. ಹೆಡ್‌ಸ್ಟಾಕ್ ಮುರಿದ ಮೆಲೊಡಿ ಮೇಕರ್‌ಗೆ ಇಷ್ಟು ಸುರಿದರೆ ಮಾರುವಾಗ ಲಾಭ ಬರಲ್ಲ, ಈ ಮಾತನ್ನು ಕೆಲಸ ಶುರು ಮಾಡುವ ಮೊದಲೇ ಅವರು ಬಾಯಿಬಿಟ್ಟು ಹೇಳಿದರು. ಲಾಭದ ಆಸೆಯಿಂದ ಬರುವವರನ್ನು ಅವರು ವಾಪಸ್ ಕಳಿಸುತ್ತಾರೆ. ನನ್ನ ಪ್ರಕಾರ ದುಡ್ಡಿಗೆ ತಕ್ಕ ಕೆಲಸ. ನುಡಿಸುವುದಕ್ಕಾಗಿ ಬೇಕಿದ್ದರೆ ಕೊಡಿ, ಮಾರುವುದಕ್ಕಾದರೆ ಇದ್ದ ಹಾಗೇ ಮಾರಿ.

ಆಮೇಲಿನ ಚಳಿಗಾಲಗಳನ್ನು ಗಿಟಾರ್ ದಾಟಿದೆ. ಇಲ್ಲಿ ಹೀಟರ್ ಹಾಕಿದ ಮನೆಯಲ್ಲಿ ತೇವಾಂಶ ಶೇ 30ಕ್ಕಿಂತ ಕೆಳಗೆ ಇಳಿದುಬಿಡುತ್ತದೆ, ಅಂಟಿನ ಕೆಲಸಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕೋಣೆಗೆ ಹ್ಯುಮಿಡಿಫೈಯರ್ ಇಟ್ಟು 45ರ ಹತ್ತಿರ ನೋಡಿಕೊಳ್ಳುತ್ತೇನೆ. ಹೆಡ್‌ಸ್ಟಾಕ್‌ನ ಗೆರೆ ತೆರೆದಿಲ್ಲ, ನೆಕ್ ನೇರವಾಗಿದೆ, ಶ್ರುತಿ ನಿಲ್ಲುತ್ತದೆ. ಪಟ್ಟಿ ಕೂರಿಸಿದ ಕಡೆ ಬಣ್ಣ ಸ್ವಲ್ಪ ತಿಳಿ, ಹಗಲು ಬೆಳಕಿನಲ್ಲಿ ಯಾರಿಗಾದರೂ ಕಾಣುತ್ತದೆ. ಕಪ್ಪು ಸ್ಪ್ರೇ ಹೊಡೆದು ಮುಚ್ಚಲು ಅವರು ಒಪ್ಪಲಿಲ್ಲ, ಮುರಿದದ್ದು ಮುರಿದ ಹಾಗೆ ಕಾಣಲಿ ಅಂದರು. ಪಕ್ಕದ ಮನೆಯವರೂ ಬಂದು ನುಡಿಸಿ ನೋಡಿದರು. ಆಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ಇನ್ನೂ ಸ್ವಲ್ಪ ಇಳಿಸಬಹುದು ಅಂತ ಅವರ ಅಭಿಪ್ರಾಯ. ಬರುವ ವಸಂತದಲ್ಲಿ ಸೆಟಪ್‌ಗೆ ಮತ್ತೆ ಅದೇ ಅಂಗಡಿಗೆ ಕೊಡುತ್ತೇನೆ, ಈ ಸಲ ಫೋಟೋ ವಿಷಯ ಬರೆದು ಕೊಟ್ಟೇ ಬರುತ್ತೇನೆ.